ದುಬೈಯಲ್ಲಿ ಕೊಂಡದ್ದು, ಸೂರತ್ತಿನಲ್ಲಿ ಕೆಟ್ಟದ್ದು
ವಿದೇಶದಿಂದ ಬಂದ ಮೊಬೈಲು, ಲ್ಯಾಪ್‌ಟಾಪುಗಳ ಖಾತರಿಯನ್ನು ಪಡೆಯುವ ಬಗೆ

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ದುಡಿಯುತ್ತಿರುವ ನಮ್ಮವರಲ್ಲಿ ಬಹುಮಂದಿಗೆ ಕಡಲಾಚೆಯ ನಂಟೂ ಉಂಟು. ಅಣ್ಣನು ದುಬೈಯಲ್ಲಿ, ಭಾವನು ಮಸ್ಕತ್ತಿನಲ್ಲಿ, ಚಿಕ್ಕಪ್ಪನ ಮಗನು ಕುವೈತಿನಲ್ಲಿ. ತಾನು ಇಲ್ಲಿ ಹೋಟೆಲಿನ ಗಲ್ಲಾದ ಮುಂದೋ, ಅಡಿಗೆಮನೆಯ ಒಲೆಯ ಮುಂದೋ, ಕಚೇರಿಯ ಮೇಜಿನ ಮುಂದೋ. ಉಡುಪಿ, ಕುಂದಾಪುರ, ಕಾಸರಗೋಡು ಸೀಮೆಯ ಮನೆಗಳಲ್ಲಿ ಇಂತಹ ಹಂಚಿಕೆ ಅಪರೂಪದ್ದೇನಲ್ಲ. ಹಿಂದೆ ಕೊಲ್ಲಿಯಿಂದ ಬಂದವರು ಟೇಪ್ ರೆಕಾರ್ಡರನ್ನೂ ಕೈಗಡಿಯಾರವನ್ನೂ ತರುತ್ತಿದ್ದರು. ಇಂದು ಮೊಬೈಲು, ಲ್ಯಾಪ್‌ಟಾಪು, ಕ್ಯಾಮರಾಗಳು ಬರುತ್ತವೆ. 2019ರಲ್ಲಿ ಸೂರತ್ತಿನಿಂದ ಶಾರ್ಜಾಕ್ಕೂ, 2023ರ ಡಿಸೆಂಬರಿನಲ್ಲಿ ದುಬೈಗೂ ನೇರ ವಿಮಾನಗಳು ಹಾರತೊಡಗಿದ ಮೇಲಂತೂ ಆ ದಾರಿ ಇನ್ನಷ್ಟು ಹತ್ತಿರವಾಯಿತು.

ಬಂದ ವಸ್ತು ಚೆನ್ನಾಗಿ ನಡೆಯುವಷ್ಟು ಕಾಲ ಸಂತೋಷವೇ. ಕೆಟ್ಟಾಗ ತೊಡಕು ಮೊದಲಾಗುತ್ತದೆ. ಶ್ರೀಮಂತರ ಮನೆಯಲ್ಲಿ ಒಂದು ಮೊಬೈಲು ಕೆಟ್ಟರೆ ಮತ್ತೊಂದು ಸಿದ್ಧವಾಗಿರುತ್ತದೆ. ನಮ್ಮ ಸಪ್ಲೈಯರನಿಗಾಗಲಿ ಗುಮಾಸ್ತನಿಗಾಗಲಿ ಹಾಗಲ್ಲ. ಊರಿಗೆ ಹಣ ಕಳುಹಿಸುವುದು ಅದರಿಂದ. ತಾಯಿಯ ಮುಖ ಕಾಣುವುದು ಅದರಲ್ಲಿ. ರೈಲಿನ ಟಿಕೇಟು, ಬ್ಯಾಂಕಿನ ಸಂದೇಶ, ಮಗುವಿನ ಶಾಲೆಯ ಸೂಚನೆ ಎಲ್ಲವೂ ಅದರ ಮೂಲಕವೇ. ಎರಡು ಮೂರು ತಿಂಗಳ ಸಂಬಳದ ಬೆಲೆಯುಳ್ಳ ವಸ್ತು ಆರನೆಯ ತಿಂಗಳಲ್ಲಿ ಮೂಕವಾಗಿ ಕುಳಿತರೆ, “ಒಂದು ವರ್ಷದ ವಾರಂಟಿ ಇದೆಯಲ್ಲ” ಎಂಬ ಧೈರ್ಯದಿಂದ ಅವನು ಸರ್ವಿಸ್ ಸೆಂಟರಿಗೆ ಹೋಗುತ್ತಾನೆ. ಅಲ್ಲಿ ಸಂಖ್ಯೆಯನ್ನು ಯಂತ್ರದಲ್ಲಿ ಒತ್ತಿ ನೋಡಿ, “ಇದು ಇಲ್ಲಿಯದಲ್ಲ, ಇಲ್ಲಿ ಆಗುವುದಿಲ್ಲ” ಎನ್ನುತ್ತಾರೆ. ಆ ಉತ್ತರ ಯಾವಾಗ ಸರಿ, ಯಾವಾಗ ತಪ್ಪು, ಅದನ್ನು ಕೇಳಿದ ಮೇಲೆ ಮಾಡಬೇಕಾದುದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಖಾತರಿ ಎಂದರೆ ಯಾರ ಮಾತು?

ಖಾತರಿ ಎಂಬ ಮಾತು ಕನ್ನಡದಲ್ಲಿಯೂ ಉಂಟು, ಗುಜರಾತಿಯಲ್ಲಿಯೂ ಉಂಟು. ಎರಡೂ ಕಡೆ ಅದರ ಅರ್ಥ ಭರವಸೆ ಎಂದೇ. ಆದರೆ ಭರವಸೆ ತಾನಾಗಿ ಹುಟ್ಟುವುದಿಲ್ಲ. ಅದನ್ನು ಒಬ್ಬರು ಮತ್ತೊಬ್ಬರಿಗೆ ಕೊಡಬೇಕು. ಖಾತರಿಯು ವಸ್ತುವಿಗೆ ಅಂಟಿಕೊಂಡು ಬರುವ ಗುಣವೆಂದು ತಿಳಿಯುವುದೇ ನಮ್ಮವರ ಮುಖ್ಯ ಭ್ರಮೆ. ವಾಸ್ತವವಾಗಿ ಅದು ಒಬ್ಬ ನಿರ್ದಿಷ್ಟ ವ್ಯಕ್ತಿ ಅಥವಾ ಸಂಸ್ಥೆ, ನಿರ್ದಿಷ್ಟ ದೇಶದಲ್ಲಿ, ನಿರ್ದಿಷ್ಟ ಷರತ್ತುಗಳ ಮೇಲೆ ಕೊಟ್ಟ ಮಾತು.

ನಮ್ಮ ಕಸುಬಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಹಮದಾಬಾದಿನ ಒಂದು ಉಡುಪಿ ಹೋಟೆಲಿನಲ್ಲಿ ತಿಂಗಳ ಊಟದ ಕೂಪನ್ನು ಕೊಂಡವನು ಸೂರತ್ತಿನ ಮತ್ತೊಂದು ಉಡುಪಿ ಹೋಟೆಲಿಗೆ ಹೋಗಿ ಅದನ್ನು ಮುಂದಿಟ್ಟರೆ ಊಟ ದೊರೆಯುವುದೇ? ಬೋರ್ಡಿನ ಮೇಲೆ ಎರಡೂ ಕಡೆ ಉಡುಪಿ ಎಂದೇ ಇದೆ. ಸಾಂಬಾರಿನ ರುಚಿಯೂ ಒಂದೇ ಇದ್ದೀತು. ಆದರೆ ಮಾಲಿಕರು ಬೇರೆ, ಲೆಕ್ಕ ಬೇರೆ. ದೊಡ್ಡ ಕಂಪೆನಿಗಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಹೆಸರು ಒಂದೇ ಆದರೂ ಭಾರತದಲ್ಲಿ ಮಾರುವ ಸಂಸ್ಥೆ ಬೇರೆ, ಕೊಲ್ಲಿ ರಾಷ್ಟ್ರಗಳಲ್ಲಿ ಮಾರುವ ಸಂಸ್ಥೆ ಬೇರೆ. ದುಬೈಯಲ್ಲಿ ಕೊಂಡ ವಸ್ತುವಿನ ಹಣ ಇಲ್ಲಿಯ ಸಂಸ್ಥೆಯ ಪೆಟ್ಟಿಗೆಗೆ ಬಿದ್ದಿರುವುದಿಲ್ಲ. ಆದಕಾರಣ, ತಾನಾಗಿ ಒಪ್ಪಿಕೊಂಡಿದ್ದ ಹೊರತು, ಅದನ್ನು ಪುಕ್ಕಟೆಯಾಗಿ ರಿಪೇರಿ ಮಾಡುವ ಭಾರವನ್ನು ಅದು ಹೊರುವುದಿಲ್ಲ.

ವಸ್ತು ತಯಾರಾದ ಸ್ಥಳಕ್ಕೂ ಖಾತರಿಗೂ ಸಂಬಂಧವಿಲ್ಲ. ಕೋಲಾರದ ಹತ್ತಿರ ನರಸಾಪುರದಲ್ಲಿ 2020ರಿಂದ ಐಫೋನುಗಳನ್ನು ಜೋಡಿಸಲಾಗುತ್ತಿದೆ. ತೈವಾನಿನ ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಸಂಸ್ಥೆ ವಹಿಸಿಕೊಂಡಿತು. ನಮ್ಮ ನಾಡಿನ ಹುಡುಗಿಯರ ಕೈಯಲ್ಲಿ ಸಿದ್ಧವಾದ ಫೋನೇ ಕಡಲು ದಾಟಿ ದುಬೈಯ ಅಂಗಡಿಯಲ್ಲಿ ಮಾರಾಟವಾದರೆ, ಖಾತರಿಯ ಲೆಕ್ಕದಲ್ಲಿ ಅದು ವಿದೇಶದ ಫೋನು. ಎಲ್ಲಿ ಹುಟ್ಟಿತೆಂಬುದನ್ನಲ್ಲ, ಎಲ್ಲಿ ಮಾರಾಟವಾಯಿತೆಂಬುದನ್ನು ಕಂಪೆನಿ ನೋಡುತ್ತದೆ.

ಕಂಪೆನಿಗಳು ಹೀಗೆ ಗಡಿ ಹಾಕುವುದಕ್ಕೆ ಕಾರಣಗಳುಂಟು. ಒಂದು ದೇಶದ ತೆರಿಗೆಯಂತೆ ಮತ್ತೊಂದರದ್ದಿಲ್ಲ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ 2018ರಿಂದ ಮಾರಾಟದ ಮೇಲೆ ಶೇಕಡ 5 ತೆರಿಗೆಯಿದ್ದರೆ, ಇಲ್ಲಿ ಮೊಬೈಲಿನ ಮೇಲೆ 2020ರ ಏಪ್ರಿಲಿನಿಂದ ಶೇಕಡ 18 ಜಿ.ಎಸ್.ಟಿ. ಇದೆ. ಅಲ್ಲಿಯ ಅಗ್ಗದ ಸರಕು ಇಲ್ಲಿಗೆ ಹರಿದುಬರುವುದು ಇಲ್ಲಿಯ ಮಾರಾಟಗಾರರಿಗೆ ಇಷ್ಟವಿಲ್ಲ. ಇದಲ್ಲದೆ ದೇಶದಿಂದ ದೇಶಕ್ಕೆ ಯಂತ್ರದ ಒಳಗೂ ವ್ಯತ್ಯಾಸವಿರುತ್ತದೆ. 2022ರ ಐಫೋನ್ 14ರಿಂದ ಮೊದಲುಗೊಂಡು ಅಮೆರಿಕದಲ್ಲಿ ಮಾರಿದ ಆ ಸಾಲಿನ ಫೋನುಗಳಲ್ಲಿ ಸಿಮ್ ಕಾರ್ಡು ಇಡುವ ಸ್ಥಳವೇ ಇರಲಿಲ್ಲ. ಇಂತಹ ಮಾದರಿಯ ಬಿಡಿಭಾಗ ಇಲ್ಲಿಯ ಸರ್ವಿಸ್ ಸೆಂಟರಿನಲ್ಲಿ ಇಲ್ಲದಿದ್ದರೆ ಆಶ್ಚರ್ಯವಿಲ್ಲ.

ಯಾವುದಕ್ಕೆ ಗಡಿ, ಯಾವುದಕ್ಕಿಲ್ಲ?

ಎಲ್ಲಾ ವಸ್ತುಗಳಿಗೂ ಒಂದೇ ನಿಯಮವಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಲ್ಯಾಪ್‌ಟಾಪುಗಳ ಖಾತರಿ ಗಡಿ ದಾಟುವ ಸಂಭವ ಹೆಚ್ಚು, ಮೊಬೈಲುಗಳದ್ದು ಕಡಿಮೆ. ಆಪಲ್ ಕಂಪೆನಿಯ ಮ್ಯಾಕ್ ಕಂಪ್ಯೂಟರಿಗೆ ಕೊಂಡ ದೇಶದ ಹೊರಗೂ ಸೇವೆ ದೊರೆಯುತ್ತದೆ. ಅದೇ ಕಂಪೆನಿ ಐಫೋನಿನ ವಿಷಯದಲ್ಲಿ, ಸೇವೆಯನ್ನು ಮಾರಾಟವಾದ ದೇಶಕ್ಕೆ ಸೀಮಿತಗೊಳಿಸುವ ಹಕ್ಕನ್ನು ತನ್ನ ಖಾತರಿ ಪತ್ರದಲ್ಲಿಯೇ ಕಾದಿರಿಸಿಕೊಂಡಿದೆ. ಲೆನೊವೊ ಕಂಪೆನಿಯ ಆಯ್ದ ಲ್ಯಾಪ್‌ಟಾಪುಗಳಿಗೆ ಅಂತರರಾಷ್ಟ್ರೀಯ ಸೇವೆಯ ಏರ್ಪಾಡು ಇದೆ. ಡೆಲ್ ಲ್ಯಾಪ್‌ಟಾಪು ದೇಶ ಬದಲಾಯಿಸಿದರೆ, ಅದರ ಬೆನ್ನಿನ ಮೇಲಿರುವ ಸರ್ವಿಸ್ ಸಂಖ್ಯೆಯನ್ನು ಹೊಸ ದೇಶಕ್ಕೆ ವರ್ಗಾಯಿಸುವಂತೆ ಕಂಪೆನಿಗೆ ಅರ್ಜಿ ಹಾಕಬೇಕು. ವಸ್ತು ಕೆಡುವ ಮೊದಲೇ, ಕೈಗೆ ಬಂದ ವಾರದಲ್ಲಿಯೇ ಈ ಕೆಲಸವನ್ನು ಮುಗಿಸುವುದು ಲೇಸು. ಸ್ಯಾಮ್‌ಸಂಗ್ ಮೊಬೈಲಿನ ಖಾತರಿ ಸಾಮಾನ್ಯವಾಗಿ ಕೊಂಡ ದೇಶ ಅಥವಾ ಪ್ರಾಂತಕ್ಕೆ ಸೀಮಿತ.

ಇಲ್ಲಿ ಗಮನಿಸತಕ್ಕ ಮಾತೊಂದುಂಟು. ನಿಯಮಗಳು ಮಾದರಿಯಿಂದ ಮಾದರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಗೆಳೆಯನ ಫೋನಿಗೆ ಸೇವೆ ದೊರೆಯಿತೆಂಬ ಕಾರಣದಿಂದ ನಿಮ್ಮದಕ್ಕೂ ದೊರೆಯುವುದೆಂದು ಭಾವಿಸಕೂಡದು. ಪೆಟ್ಟಿಗೆಯೊಳಗಿನ ಖಾತರಿ ಪತ್ರವೇ ಪ್ರಮಾಣ. ಆ ಸಣ್ಣ ಅಕ್ಷರದ ಕಾಗದವನ್ನು ನಮ್ಮಲ್ಲಿ ಬಹುಮಂದಿ ಪೆಟ್ಟಿಗೆಯೊಡನೆ ರದ್ದಿಯವನಿಗೆ ಹಾಕಿಬಿಡುತ್ತಾರೆ. ಕಳೆದುಹೋಗಿದ್ದರೆ ಕಂಪೆನಿಯ ಜಾಲತಾಣದಲ್ಲಿ ವಸ್ತುವಿನ ಕ್ರಮಸಂಖ್ಯೆಯನ್ನು ಬರೆದು, ಖಾತರಿ ಎಂದಿನವರೆಗೆ ಇದೆಯೆಂಬುದನ್ನು ಅನೇಕ ಕಂಪೆನಿಗಳಲ್ಲಿ ತಿಳಿಯಬಹುದು.

ಕೆಲವು ಹಾನಿಗಳಿಗೆ ಯಾವ ದೇಶದಲ್ಲಿಯೂ ಖಾತರಿಯ ರಕ್ಷಣೆಯಿಲ್ಲ. ಬಿದ್ದು ಒಡೆದದ್ದು, ನೀರು ಸೇರಿದ್ದು ಇಂತಹವು. ಅಡಿಗೆಮನೆಯಲ್ಲಿ ಕೆಲಸ ಮಾಡುವವರು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಇಡ್ಲಿ ಪಾತ್ರೆಯ ಆವಿ ಹೊಡೆಯುವ ಜಾಗದಲ್ಲಿ ಇಡೀ ದಿನ ಫೋನನ್ನಿಟ್ಟರೆ ಒಳಗೆ ತೇವ ಕೂಡುತ್ತದೆ. ಅನೇಕ ಫೋನುಗಳೊಳಗೆ ನೀರು ತಾಗಿದರೆ ಬಣ್ಣ ಬದಲಾಯಿಸುವ ಚಿಕ್ಕ ಪಟ್ಟಿಯೊಂದಿರುತ್ತದೆ. ಸರ್ವಿಸ್ ಸೆಂಟರಿನವರು ಮೊದಲು ನೋಡುವುದು ಅದನ್ನೇ. ಹಾಗೆಯೇ ಅಮೆರಿಕದಲ್ಲಿ ಮನೆಯ ವಿದ್ಯುತ್ತು 120 ವೋಲ್ಟು, ಜಪಾನಿನಲ್ಲಿ 100 ವೋಲ್ಟು, ನಮ್ಮಲ್ಲಿ 230 ವೋಲ್ಟು. ಅಲ್ಲಿಯ ಮಿಕ್ಸಿಯನ್ನು ಇಲ್ಲಿಯ ಪ್ಲಗ್ಗಿಗೆ ಚುಚ್ಚಿ ಸುಟ್ಟುಕೊಂಡವನಿಗೆ ಯಾವ ಕಂಪೆನಿಯೂ ಹೊಣೆಯಾಗುವುದಿಲ್ಲ. ಮೊಬೈಲು, ಲ್ಯಾಪ್‌ಟಾಪುಗಳ ಚಾರ್ಜರುಗಳಾದರೋ ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ತಾಳುತ್ತವೆ. ಆದರೂ ಅದರ ಮೇಲೆ ಮುದ್ರಿಸಿದ್ದನ್ನು ಓದಿಯೇ ಬಳಸುವುದು ಕ್ಷೇಮ.

ನಮ್ಮ ಪೇಟೆಯಲ್ಲಿಯೇ ಸಿಗುವ “ಫಾರಿನ್”

ವಿದೇಶದ ಸಾಮಾನು ಬಂಧುಗಳ ಪೆಟ್ಟಿಗೆಯಲ್ಲಿ ಮಾತ್ರವೇ ಬರುವುದಿಲ್ಲ. ಅಹಮದಾಬಾದಿನ ರಿಲೀಫ್ ರೋಡಿನಲ್ಲಾಗಲಿ, ವಡೋದರಾದ ಮರಿಮಾತಾನೋ ಖಾಂಚೋದಲ್ಲಾಗಲಿ, ಸೂರತ್ತಿನ ಮೊಬೈಲು ಪೇಟೆಯಲ್ಲಾಗಲಿ ಮೊಬೈಲು ಕೊಳ್ಳಲು ಹೋದವನಿಗೆ ಎರಡು ಬೆಲೆ ಹೇಳುವ ಅಂಗಡಿಕಾರನು ಸಿಕ್ಕಿದರೆ, ಕಡಿಮೆ ಬೆಲೆಯದು ಯಾವ ದಾರಿಯಿಂದ ಬಂದದ್ದೆಂದು ವಿಚಾರಿಸಬೇಕು. ಈ ಪೇಟೆಗಳಲ್ಲಿ ನ್ಯಾಯವಾಗಿ ವ್ಯಾಪಾರ ಮಾಡುವ ಅಂಗಡಿಗಳು ಬೇಕಾದಷ್ಟಿವೆ. ಆದರೆ ಕೊಳ್ಳುವವನಿಗೆ ಸರಕಿನ ದಾರಿಯನ್ನು ಗುರುತಿಸುವ ಕಣ್ಣು ಬೇಕು.

ಗುರುತಿಸುವ ಉಪಾಯ ಸುಲಭವಾದದ್ದು. ಪೊಟ್ಟಣದ ಸರಕುಗಳ ಮೇಲಿನ 2011ರ ನಿಯಮಗಳ ಪ್ರಕಾರ, ಆಮದಾದ ಸರಕಿನ ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು, ವಿಳಾಸ, ರೂಪಾಯಿಗಳಲ್ಲಿ ಗರಿಷ್ಠ ಬೆಲೆ, ದೂರು ಹೇಳಬೇಕಾದವರ ವಿವರಗಳು ಮುದ್ರಿತವಾಗಿರತಕ್ಕದ್ದು. ಇಲ್ಲಿಯೇ ತಯಾರಾದದ್ದಾದರೆ ತಯಾರಕರ ವಿಳಾಸವಿರುತ್ತದೆ. ಈ ಚೀಟಿ ಇಲ್ಲದ ಪೆಟ್ಟಿಗೆ ಕಂಪೆನಿಯ ಅಧಿಕೃತ ದಾರಿಯಿಂದ ಬಂದಿರಲಾರದು. 2020ರ ಇ-ವಾಣಿಜ್ಯ ನಿಯಮಗಳ ಮೇರೆಗೆ ಜಾಲತಾಣಗಳಲ್ಲಿ ಮಾರುವವರೂ ಆಮದುದಾರನ ವಿವರವನ್ನೂ ಖಾತರಿಯ ವಿವರವನ್ನೂ ಗಿರಾಕಿಗೆ ತಿಳಿಸಬೇಕು.

ಇಂತಹ ಸರಕನ್ನು ಮಾರುವುದು ನ್ಯಾಯವೇ ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ವಿದೇಶದಲ್ಲಿ ಕೊಂಡ ಸ್ಯಾಮ್‌ಸಂಗ್ ಮುದ್ರಣಯಂತ್ರಗಳನ್ನು ತರಿಸಿ ಮಾರುತ್ತಿದ್ದ ಕಪಿಲ್ ವಾಧ್ವಾ ಮತ್ತಿತರರ ಮೇಲೆ ಸ್ಯಾಮ್‌ಸಂಗ್ ಕಂಪೆನಿ ದಿಲ್ಲಿಯ ಹೈಕೋರ್ಟಿನಲ್ಲಿ ದಾವೆ ಹೂಡಿತು. 2012ರ ಫೆಬ್ರವರಿಯಲ್ಲಿ ಏಕ ನ್ಯಾಯಾಧೀಶರು ಆ ಮಾರಾಟವನ್ನು ತಡೆದರು. ಅದೇ ವರ್ಷದ ಅಕ್ಟೋಬರ್ 3ರಂದು ದ್ವಿಸದಸ್ಯ ಪೀಠವು ತಡೆಯನ್ನು ತೆಗೆದುಹಾಕಿ, ಕಂಪೆನಿಯ ಅಸಲಿ ಸರಕನ್ನು ಹೊರಗಿನಿಂದ ತಂದು ಮಾರಬಹುದೆಂದು ತೀರ್ಪಿತ್ತಿತು. ಆದರೆ ಗಿರಾಕಿಯ ಹಿತಕ್ಕಾಗಿ ಮಾರಾಟಗಾರರಿಗೆ ಒಂದು ಕಟ್ಟಳೆಯನ್ನು ವಿಧಿಸಿತು. ಇದು ಆಮದಾದ ಸರಕು, ಇದಕ್ಕೆ ಕಂಪೆನಿಯ ಖಾತರಿಯಾಗಲಿ ಸೇವೆಯಾಗಲಿ ಇಲ್ಲ, ಖಾತರಿಯನ್ನೂ ಸೇವೆಯನ್ನೂ ಅಂಗಡಿಯವರಾದ ನಾವೇ ಕೊಡುತ್ತೇವೆ ಎಂದು ಅಂಗಡಿಯಲ್ಲಿ ಎದ್ದುಕಾಣುವಂತೆ ಬರೆದು ಹಾಕಬೇಕೆಂಬುದೇ ಆ ಕಟ್ಟಳೆ.

ಈ ತೀರ್ಪಿನಲ್ಲಿ ನಮ್ಮಂತಹವರಿಗೆ ಬೇಕಾದ ತಿರುಳೆಲ್ಲ ಅಡಗಿದೆ. ಕಂಪೆನಿ ಹೊಣೆಯಲ್ಲವೆಂದರೆ ಯಾರೂ ಹೊಣೆಯಲ್ಲವೆಂದು ಅರ್ಥವಲ್ಲ. ಮಾರಿದವನು ಹೊಣೆ. “ಶಾಪ್ ವಾರಂಟಿ ಆರು ತಿಂಗಳು” ಎಂದು ಬಾಯಲ್ಲಿ ಹೇಳುವ ಅಂಗಡಿಕಾರನಿಂದ ಅದನ್ನು ಬಿಲ್ಲಿನ ಮೇಲೆಯೇ ಬರೆಸಿ, ಸೀಲು ಹಾಕಿಸಿಕೊಳ್ಳಬೇಕು. ಜಿ.ಎಸ್.ಟಿ. ಸಂಖ್ಯೆಯಿರುವ ಪಕ್ಕಾ ಬಿಲ್ಲೇ ಬೇಕು. ಕಚ್ಚಾ ಚೀಟಿ ಪ್ರಯೋಜನಕ್ಕೆ ಬಾರದು. ಬಿಲ್ಲು ಬೇಡವೆಂದರೆ ಇಷ್ಟು ಬಿಡುತ್ತೇವೆ ಎಂಬ ಆಸೆಗೆ ಬಿದ್ದವನು, ಬಿಟ್ಟ ಆ ಹಣಕ್ಕೆ ತನ್ನ ಹಕ್ಕನ್ನೇ ಮಾರಿಕೊಂಡಂತಾಯಿತು. ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನ್ಯಾಯದ ವ್ಯಾಪಾರ ಪದ್ಧತಿಗಳಲ್ಲೊಂದು. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ.

ಖಾತರಿಯೇ ಉರುಳಾದಾಗ

ಖಾತರಿಯ ಹೆಸರಿನಲ್ಲಿಯೇ ಬಡವನನ್ನು ಸುಲಿಯುವವರೂ ಉಂಟು. 2014ರಲ್ಲಿ ಸಿಂಗಾಪುರದ ಸಿಮ್ ಲಿಮ್ ಸ್ಕ್ವೇರ್ ಎಂಬ ಮಾರಾಟ ಕಟ್ಟಡದಲ್ಲಿ ನಡೆದ ಸಂಗತಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ವಿಯೆಟ್ನಾಮಿನ ಕಾರ್ಖಾನೆಯ ಕೂಲಿಯೊಬ್ಬನು ತನ್ನ ಪ್ರೇಯಸಿಗೆ ಕಾಣಿಕೆಯಾಗಿ ಕೊಡಲು 950 ಸಿಂಗಾಪುರ ಡಾಲರು ತೆತ್ತು ಐಫೋನ್ 6 ಕೊಂಡನು. ಕಾಗದಕ್ಕೆ ಸಹಿ ಹಾಕಿದ ಮೇಲೆ, ಖಾತರಿಗಾಗಿ ಇನ್ನೂ 1,500 ಡಾಲರು ಕೊಡದೆ ಫೋನು ಒಯ್ಯಕೂಡದೆಂದು ಅಂಗಡಿಯವರು ಹೇಳಿದರು. ತಿಂಗಳಿಗೆ ಸುಮಾರು 200 ಡಾಲರು ಗಳಿಸುತ್ತಿದ್ದ ಆ ಮನುಷ್ಯನು ಅಂಗಡಿಯ ನೆಲದ ಮೇಲೆ ಮೊಣಕಾಲೂರಿ ಅತ್ತು, ಕೊಟ್ಟ ಹಣವನ್ನು ಹಿಂದಿರುಗಿಸುವಂತೆ ಬೇಡಿಕೊಂಡನು. ಕಡೆಗೆ ಅವನ ಕೈಗೆ ಬಂದದ್ದು 400 ಡಾಲರು ಮಾತ್ರ. ಆ ಚಿತ್ರ ಊರಿಗೆಲ್ಲ ಹರಡಿ ಜನ ರೊಚ್ಚಿಗೆದ್ದರು. ಇಂತಹ ಅನೇಕ ವಂಚನೆಗಳಿಗಾಗಿ ಅಂಗಡಿಯ ಮಾಲಿಕನಿಗೆ 2015ರಲ್ಲಿ 33 ತಿಂಗಳ ಸೆರೆಮನೆ ಶಿಕ್ಷೆಯಾಯಿತು.

ಪರನಾಡಿನಲ್ಲಿ ಭಾಷೆ ತಿಳಿಯದೆ ಸಹಿ ಹಾಕುವವನ ಗತಿ ಎಂತಹುದಾಗಬಲ್ಲುದೆಂಬುದನ್ನು ಗುಜರಾತಿಗೆ ಬಂದ ಹೊಸತರಲ್ಲಿ ನಾವೆಲ್ಲರೂ ಸ್ವಲ್ಪಮಟ್ಟಿಗೆ ಬಲ್ಲೆವು. ತಯಾರಕರ ಖಾತರಿಗೆ ಪ್ರತ್ಯೇಕ ಬೆಲೆಯಿಲ್ಲ. ಅದು ವಸ್ತುವಿನ ಬೆಲೆಯಲ್ಲಿಯೇ ಸೇರಿದೆ. ಹೆಚ್ಚಿನ ಹಣ ಕೊಟ್ಟು ಪಡೆಯುವುದು ವಿಸ್ತೃತ ಖಾತರಿ ಅಥವಾ ವಿಮೆ. ಅದು ಬೇಕೇ ಬೇಡವೇ ಎಂಬುದು ಕೊಳ್ಳುವವನ ಇಚ್ಛೆ.

ಕೊಲ್ಲಿಯಲ್ಲಿರುವ ಅಣ್ಣನಿಗೆ ಬರೆಯಬೇಕಾದ ಮಾತು

ಬಂಧುಗಳಿಗೆ “ಬರುವಾಗ ಒಂದು ಫೋನು ತಾ” ಎಂದಷ್ಟೇ ಹೇಳಿದರೆ ಸಾಲದು. ಈ ಕೆಳಗಿನ ಮಾತುಗಳನ್ನೂ ಜೊತೆಯಲ್ಲಿ ಬರೆಯಿರಿ.

ಮೊದಲನೆಯದಾಗಿ, ಅಧಿಕೃತ ಅಂಗಡಿಯಲ್ಲಿ ಕೊಳ್ಳಲಿ. ದೇರಾದ ಗಲ್ಲಿಯಲ್ಲಿ ಐವತ್ತು ದಿರ್ಹಮು ಉಳಿಯಬಹುದು. ಆದರೆ ಆ ಸರಕು ಇನ್ನೊಂದು ದೇಶದಿಂದ ಅಲ್ಲಿಗೆ ಬಂದದ್ದಾದರೆ, ಅಲ್ಲಿಯೂ ಖಾತರಿಯಿಲ್ಲ, ಇಲ್ಲಿಯೂ ಇಲ್ಲ.

ಎರಡನೆಯದಾಗಿ, ತೆರಿಗೆ ಸಹಿತವಾದ ಬಿಲ್ಲಿನಲ್ಲಿ ಫೋನಿನ ಐ.ಎಂ.ಇ.ಐ. ಸಂಖ್ಯೆಯನ್ನೋ ಲ್ಯಾಪ್‌ಟಾಪಿನ ಕ್ರಮಸಂಖ್ಯೆಯನ್ನೋ ಬರೆಸಲಿ. ಅರಬ್ಬಿಯಲ್ಲಿರುವ ಬಿಲ್ಲಿನಲ್ಲಿ ಇಂಗ್ಲಿಷೂ ಇರುವಂತೆ ನೋಡಿಕೊಳ್ಳಲಿ. ಫೋನಿನಲ್ಲಿ *#06# ಒತ್ತಿದರೆ ಆ ಸಂಖ್ಯೆ ಕಾಣುತ್ತದೆ. ಫೋನು, ಪೆಟ್ಟಿಗೆ, ಬಿಲ್ಲು ಮೂರರಲ್ಲಿಯೂ ಅದು ಒಂದೇ ಆಗಿರಬೇಕು. ನಮ್ಮ ದೇಶದಲ್ಲಿ ಹಳೆಯ ಫೋನು ಕೊಳ್ಳುವವರು KYM ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಆ ಸಂಖ್ಯೆಯನ್ನು ಬರೆದು 14422ಕ್ಕೆ ಸಂದೇಶ ಕಳುಹಿಸಿ, ಅದು ಸಾಚಾ ಸಂಖ್ಯೆಯೇ ಎಂದು ಪರೀಕ್ಷಿಸಬಹುದು.

ಮೂರನೆಯದಾಗಿ, “ಭಾರತದಲ್ಲಿ ಇದರ ಖಾತರಿ ನಡೆಯುವುದೇ?” ಎಂದು ಕೇಳಿ, ನಡೆಯುವುದೆಂದರೆ ಆ ಮಾತನ್ನು ಬಿಲ್ಲಿನ ಮೇಲೋ ಖಾತರಿ ಪತ್ರದ ಮೇಲೋ ಬರೆಸಲಿ. “ಇಂಟರ್‌ನ್ಯಾಷನಲ್ ವಾರಂಟಿ” ಎಂದು ಬಾಯಲ್ಲಿ ಹೇಳಿದ ಮಾತು ಗಾಳಿಯಲ್ಲಿ ಹೋಗುತ್ತದೆ.

ನಾಲ್ಕನೆಯದಾಗಿ, ಎಲ್ಲಾ ಕಾಗದಗಳ ಚಿತ್ರ ತೆಗೆದು ನಿಮಗೆ ಕಳುಹಿಸಿ, ಅಸಲು ಕಾಗದಗಳನ್ನು ವಸ್ತುವಿನೊಡನೆ ಕೊಟ್ಟುಬಿಡಲಿ. ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಿದ್ದರೆ ಆ ರಸೀದಿಯೂ ಜೊತೆಯಲ್ಲಿರಲಿ. ಅಂಗಡಿಯ ಶಾಯಿ ಆರು ತಿಂಗಳಿಗೆ ಮಾಸಿಹೋಗುವುದುಂಟು. ಆದ್ದರಿಂದ ನಕಲು ಅವಶ್ಯ.

ಕೆಟ್ಟ ಮೇಲೆ ಮಾಡಬೇಕಾದುದು

ನಾವು ಬಲ್ಲ ಹೋಟೆಲೊಂದರ ಹುಡುಗನಿಗೆ ಅಣ್ಣನು ದುಬೈಯಿಂದ ಫೋನು ಕಳುಹಿಸಿದ್ದನು. ನಾಲ್ಕು ತಿಂಗಳಲ್ಲಿ ಚಾರ್ಜು ಹಿಡಿಯುವುದು ನಿಂತಿತು. ಸರ್ವಿಸ್ ಸೆಂಟರಿನಲ್ಲಿ ಆಗುವುದಿಲ್ಲವೆಂದೊಡನೆ ಅವನು ಬೀದಿಯ ರಿಪೇರಿಯವನ ಬಳಿಗೆ ಹೋದನು. ಅವನು ಫೋನನ್ನು ಬಿಚ್ಚಿ, ಒಂದು ಭಾಗವನ್ನು ಬದಲಾಯಿಸಿ, ಕಡೆಗೆ ಕೈಚೆಲ್ಲಿದನು. ಮುಂದಿನ ತಿಂಗಳು ಅಣ್ಣನು ಅದನ್ನು ದುಬೈಗೆ ಕೊಂಡೊಯ್ದಾಗ, ಹೊರಗಿನವರು ಬಿಚ್ಚಿದ್ದಾರೆಂಬ ಕಾರಣದಿಂದ ಅಲ್ಲಿಯೂ ಖಾತರಿ ರದ್ದಾಗಿತ್ತು. ಬಿಚ್ಚದೆ ಕಳುಹಿಸಿದ್ದರೆ ಅಲ್ಲಿ ಪುಕ್ಕಟೆಯಾಗಿ ಸರಿಯಾಗುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇಂತಹ ವೇಳೆಗೇ ಹುಟ್ಟಿದ್ದು.

ಆದ್ದರಿಂದ ಖಾತರಿಯ ಅವಧಿ ಮುಗಿಯುವವರೆಗೆ ಹೊರಗೆ ಬಿಚ್ಚಿಸಕೂಡದು. ಸಾಧ್ಯವಾದರೆ ಫೋನಿನೊಳಗಿನ ಚಿತ್ರ, ವಿಳಾಸಗಳನ್ನು ಬೇರೆಡೆ ಉಳಿಸಿಕೊಂಡು, ಬಿಲ್ಲಿನೊಡನೆ ಅಧಿಕೃತ ಸರ್ವಿಸ್ ಸೆಂಟರಿಗೇ ಹೋಗಬೇಕು. ವಸ್ತುವನ್ನು ಒಪ್ಪಿಸಿದರೆ, ದೋಷವನ್ನೂ ವಸ್ತುವಿನ ಹೊರಗಿನ ಸ್ಥಿತಿಯನ್ನೂ ನಮೂದಿಸಿದ ಜಾಬ್ ಶೀಟನ್ನು ಪಡೆಯಬೇಕು. ನಿರಾಕರಿಸಿದರೆ, “ಯಾವ ಕಾರಣದಿಂದ ನಿರಾಕರಿಸುತ್ತೀರೆಂಬುದನ್ನು ಬರೆದುಕೊಡಿ” ಎಂದು ಸೌಮ್ಯವಾಗಿ ಕೇಳಬೇಕು. ಬರೆದುಕೊಡದಿದ್ದರೆ ಅದೇ ದಿನ ಕಂಪೆನಿಯ ಗ್ರಾಹಕ ವಿಭಾಗಕ್ಕೆ ಈ-ಮೇಲಿನಲ್ಲಿ, ಇಂತಹ ದಿನ, ಇಂತಹ ಸ್ಥಳದಲ್ಲಿ, ಇಂತಹ ಉತ್ತರ ದೊರೆಯಿತೆಂದು ತಿಳಿಸಿ, ಕ್ರಮಸಂಖ್ಯೆಯನ್ನೂ ಬಿಲ್ಲಿನ ನಕಲನ್ನೂ ಲಗತ್ತಿಸಿ, ಖಾತರಿ ಪತ್ರದ ಯಾವ ಷರತ್ತಿನ ಪ್ರಕಾರ ಈ ನಿರಾಕರಣೆ ಎಂದು ಪ್ರಶ್ನಿಸಬೇಕು. ಗಲ್ಲಾದಲ್ಲಿ ಕುಳಿತ ಹುಡುಗನಿಗೆ ತಿಳಿಯದ ನಿಯಮ ಮೇಲಿನವರಿಗೆ ತಿಳಿದಿರುತ್ತದೆ. ಅಂತರರಾಷ್ಟ್ರೀಯ ಖಾತರಿಯುಳ್ಳ ಲ್ಯಾಪ್‌ಟಾಪಿನ ವಿಷಯದಲ್ಲಿ ಬಾಯಿಮಾತಿನ “ಇಲ್ಲ”ವನ್ನು ಎಂದಿಗೂ ಕೊನೆಯ ಮಾತೆಂದು ಒಪ್ಪಕೂಡದು.

ಖಾತರಿ ಆ ದೇಶಕ್ಕೇ ಸೀಮಿತವೆಂದು ಖಚಿತವಾದರೆ, ವಸ್ತುವನ್ನು ಅಲ್ಲಿಗೆ ಕಳುಹಿಸುವುದೇ ದಾರಿ. ರಜೆ ಮುಗಿಸಿ ಹಿಂದಿರುಗುವ ಬಂಧುವಿನ ಕೈಚೀಲದಲ್ಲಿ ಕಳುಹಿಸಬಹುದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ವಿಮಾನದಲ್ಲಿ ಒಯ್ಯುವುದು ಅಪಾಯ, ಅದು ಕೂಡದು. ಅಲ್ಲಿಯ ಅಂಗಡಿಯವನು ಒಪ್ಪದಿದ್ದರೆ, ಅರಬ್ ಸಂಯುಕ್ತ ಸಂಸ್ಥಾನದಲ್ಲಿ 2020ರ 15ನೆಯ ಸಂಖ್ಯೆಯ ಗ್ರಾಹಕ ಕಾಯಿದೆಯ ಆಶ್ರಯವುಂಟು; ದೂರನ್ನು ಕೊಂಡವನಾದ ಅಣ್ಣನೇ ಅಲ್ಲಿ ಕೊಡಬೇಕು. ಸಿಂಗಾಪುರದಲ್ಲಿ 2012ರ ಸೆಪ್ಟೆಂಬರಿನಿಂದ, ಮಾರಿದ ಆರು ತಿಂಗಳೊಳಗೆ ಕಂಡ ದೋಷವು ಮಾರುವಾಗಲೇ ಇತ್ತೆಂದು ಭಾವಿಸತಕ್ಕದ್ದೆಂಬ ಕಾಯಿದೆಯಿದೆ. ಯುರೋಪಿನ ಒಕ್ಕೂಟದಲ್ಲಿ ಮಾರಿದವನ ಹೊಣೆ ಕನಿಷ್ಠ ಎರಡು ವರ್ಷ. ಇವೆಲ್ಲವೂ ಆಯಾ ದೇಶದ ಮಾರಾಟಗಾರನನ್ನು ಕಟ್ಟಿಹಾಕುವ ಕಾಯಿದೆಗಳು. ಸೂರತ್ತಿನ ಸರ್ವಿಸ್ ಸೆಂಟರನ್ನಲ್ಲ.

ನಮ್ಮ ಕಾಯಿದೆಯ ಬಲ

ನಮ್ಮ ದೇಶದಲ್ಲಿ ಮಾರಿದವನ ಮೇಲೆ, ಅಥವಾ ಅಂತರರಾಷ್ಟ್ರೀಯ ಖಾತರಿ ಕೊಟ್ಟೂ ನಡೆಸದ ಕಂಪೆನಿಯ ಮೇಲೆ ದೂರಿರುವವರು ಮೊದಲು 1915 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಇದು ಕೇಂದ್ರ ಸರಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ 17 ಭಾಷೆಗಳಲ್ಲಿ ಮಾತನಾಡುವ ಏರ್ಪಾಡಿದ್ದು, ಕನ್ನಡವೂ ಗುಜರಾತಿಯೂ ಅವುಗಳಲ್ಲಿ ಸೇರಿವೆ. ಸಹಾಯವಾಣಿ ನ್ಯಾಯಾಲಯವಲ್ಲ, ದಂಡ ಹಾಕಲಾರದು. ಆದರೆ ದೂರನ್ನು ಕಂಪೆನಿಗೆ ಮುಟ್ಟಿಸಿ ರಾಜಿಗೆ ಯತ್ನಿಸುತ್ತದೆ.

ಅದರಿಂದಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಕಾಯಿದೆಯು ನಮ್ಮಂತಹ ವಲಸಿಗರಿಗೆ ಎರಡು ಮುಖ್ಯ ಉಪಕಾರಗಳನ್ನು ಮಾಡಿದೆ. 1986ರ ಹಳೆಯ ಕಾಯಿದೆಯಲ್ಲಿ ಎದುರುಪಕ್ಷದವನು ಇರುವಲ್ಲಿಗೋ ವ್ಯವಹಾರ ನಡೆದ ಸ್ಥಳಕ್ಕೋ ಹೋಗಿ ದೂರು ಕೊಡಬೇಕಾಗಿತ್ತು. ಹೊಸ ಕಾಯಿದೆಯ ಪ್ರಕಾರ ದೂರುದಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮುಂಬಯಿಯಲ್ಲೋ ಮಂಗಳೂರಿನಲ್ಲೋ ಕೊಂಡ ಫೋನಿಗಾಗಿ ಸೂರತ್ತಿನ ಕೆಲಸಗಾರನು ಸೂರತ್ತಿನಲ್ಲಿಯೇ ನ್ಯಾಯ ಕೇಳಬಹುದು. ಎರಡನೆಯದು, ಕೊಂಡವನು ಮಾತ್ರವಲ್ಲದೆ, ಅವನ ಒಪ್ಪಿಗೆಯಿಂದ ವಸ್ತುವನ್ನು ಬಳಸುವವನೂ ಈ ಕಾಯಿದೆಯ ಕಣ್ಣಿನಲ್ಲಿ ಗ್ರಾಹಕನೇ. ಅಣ್ಣನು ಕೊಂಡು ತಮ್ಮನಿಗೆ ಕೊಟ್ಟದ್ದೆಂಬ ಕಾರಣದಿಂದ ತಮ್ಮನ ಬಾಯಿ ಕಟ್ಟುವಂತಿಲ್ಲ. ಆದರೆ ಖಾತರಿ ಪತ್ರವು ದೇಶದ ಗಡಿಯನ್ನು ಸ್ಪಷ್ಟವಾಗಿ ಹೇಳಿದ್ದರೆ ಆ ಷರತ್ತು ಅವನಿಗೂ ಅನ್ವಯಿಸುತ್ತದೆಂಬುದನ್ನು ಮರೆಯಕೂಡದು.

ವಸ್ತುವಿನ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಕುಳಿತಲ್ಲಿಂದಲೇ ದೂರು ಸಲ್ಲಿಸುವ ಅನುಕೂಲವೂ ಇದೆ. ಮೂರು ತಿಂಗಳಲ್ಲಿ, ವಸ್ತುವನ್ನು ಪರೀಕ್ಷೆಗೆ ಕಳುಹಿಸಬೇಕಾದರೆ ಐದು ತಿಂಗಳಲ್ಲಿ, ತೀರ್ಮಾನವಾಗಬೇಕೆಂದು ಕಾಯಿದೆ ಹೇಳುತ್ತದೆ; ಆಚರಣೆಯಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು, ತಾಳ್ಮೆ ಬೇಕು. ಅಹಮದಾಬಾದಿನಲ್ಲಿ 1978ರಿಂದ ಗ್ರಾಹಕರ ಪರವಾಗಿ ದುಡಿಯುತ್ತಿರುವ ಕನ್ಸ್ಯೂಮರ್ ಎಜುಕೇಷನ್ ಅಂಡ್ ರಿಸರ್ಚ್ ಸೆಂಟರ್ ಎಂಬ ಸಂಸ್ಥೆಯೂ ಇದೆ. ಗುಜರಾತು ಈ ವಿಷಯದಲ್ಲಿ ಹಿಂದುಳಿದ ಪ್ರಾಂತವಲ್ಲ; ಹಿಂದೆ ಬಿದ್ದಿರುವವರು ನಾವು, ಕೇಳಲು ಸಂಕೋಚಪಡುವವರು.

ಲಾಭವೆಷ್ಟು, ನಷ್ಟವೆಷ್ಟು?

ಕಡೆಯದಾಗಿ ಲೆಕ್ಕವನ್ನೂ ನೋಡೋಣ. ಉದಾಹರಣೆಗೆ, ಇಲ್ಲಿ 60,000 ರೂಪಾಯಿಗೆ ಸಿಗುವ ಫೋನು ಅಲ್ಲಿ 54,000ಕ್ಕೆ ಸಿಕ್ಕಿತೆಂದಿಟ್ಟುಕೊಳ್ಳಿ. ಉಳಿದದ್ದು 6,000. ಒಳಗಿನ ಮುಖ್ಯ ಫಲಕ ಕೆಟ್ಟು 15,000 ಕೈಯಿಂದ ಹಾಕಬೇಕಾದರೆ, ಉಳಿಸಿದ್ದು ಹೋಗಿ 9,000 ನಷ್ಟ. ಇಲ್ಲಿಯೇ ಕಂತಿನ ಮೇಲೆ ಕೊಂಡಿದ್ದರೆ ಆ ಚಿಂತೆ ಇರುತ್ತಿರಲಿಲ್ಲ. ವ್ಯತ್ಯಾಸ ಅಲ್ಪವಾದಾಗ ಇಲ್ಲಿಯೇ ಪಕ್ಕಾ ಬಿಲ್ಲಿನೊಡನೆ ಕೊಳ್ಳುವುದು ಜಾಣತನ. ವ್ಯತ್ಯಾಸ ದೊಡ್ಡದಾಗಿದ್ದರೆ, ಅಥವಾ ವಸ್ತು ಗಡಿ ದಾಟುವ ಖಾತರಿಯುಳ್ಳ ಲ್ಯಾಪ್‌ಟಾಪಾಗಿದ್ದರೆ, ಹೊರಗಿನಿಂದ ತರಿಸುವುದರಲ್ಲಿ ತಪ್ಪಿಲ್ಲ. ಅಣ್ಣನು ಪ್ರೀತಿಯಿಂದ ಕಳುಹಿಸಿದ್ದಕ್ಕಾದರೋ ಲೆಕ್ಕ ಹಾಕುವಂತಿಲ್ಲ. ಅದರ ಕಾಗದಗಳನ್ನು ಜೋಪಾನ ಮಾಡುವುದು ಆ ಪ್ರೀತಿಗೆ ಸಲ್ಲಿಸುವ ಮರ್ಯಾದೆ.

ನಮ್ಮ ಸಮಾಜದಲ್ಲಿ ಎರಡು ಬಗೆಯವರಿದ್ದಾರೆ. ಹನ್ನೆರಡು ಗಂಟೆ ನಿಂತು ದುಡಿದು, ಪತ್ರ ಬರೆಯಲು ಪುರುಸೊತ್ತೂ ರೂಢಿಯೂ ಇಲ್ಲದ ಹೋಟೆಲ್ ಕೆಲಸಗಾರರು ಒಂದು ಕಡೆ. ದಿನವೆಲ್ಲ ಇತರರ ಪತ್ರಗಳನ್ನೇ ಬರೆಯುವ ಗುಮಾಸ್ತ ಬಂಧುಗಳು ಇನ್ನೊಂದು ಕಡೆ. ಭಾನುವಾರ ಸಂಘದ ಕೋಣೆಯಲ್ಲಿಯೋ ಹೋಟೆಲಿನ ಮೂಲೆಯ ಮೇಜಿನ ಮೇಲೋ ಕುಳಿತು, ಒಬ್ಬ ಹುಡುಗನ ಬಿಲ್ಲನ್ನು ಓದಿ, ಕಂಪೆನಿಗೆ ಹತ್ತು ಸಾಲಿನ ಪತ್ರ ಬರೆದುಕೊಡಲು ಅರ್ಧ ಗಂಟೆ ಸಾಕು. ಅದಕ್ಕೆ ಪ್ರತಿಯಾಗಿ ಒಂದು ಲೋಟ ಕಾಫಿ ಖಂಡಿತ ದೊರೆಯುತ್ತದೆ. ಮಾತು ಕೊಟ್ಟವರಿಂದ ಮಾತನ್ನು ನಡೆಸಿಕೊಳ್ಳುವ ಕೆಲಸ ಒಬ್ಬನಿಂದಾಗದಿದ್ದರೆ ಇಬ್ಬರು ಕೂಡಿ ಮಾಡತಕ್ಕದ್ದು.